ಮಾಸ್ತರು ಆಡಿದರೆ ಸೊಗಡು, ಅಕ್ಕೋರು ಆಡಿದರೆ ಹಳ್ಳಿಮಾತು

ಕಳೆದ ತಿಂಗಳು ಒಂದು ಮಧ್ಯಾಹ್ನ, ಕಾರವಾರದ ನಮ್ಮ ಕಾಲೇಜಿನ ಸಿಬ್ಬಂದಿ ಕೊಠಡಿಯಲ್ಲಿ ಊಟ ಮುಗಿಸಿ ಡಬ್ಬಿ ಮುಚ್ಚುತ್ತಿದ್ದಾಗ, ಶಿರಸಿ ಕಡೆಯ ನನ್ನ ತವರಿನಿಂದ ಫೋನ್ ಬಂತು. “ಆಯಿ, ಆನು ಶನಿವಾರ ಬತ್ತಿ, ನೀ ಎಂತ ಗಡಿಬಿಡಿ ಮಾಡಡ” ಎಂದು ಹೇಳಿ ಫೋನ್ ಇಟ್ಟೆ. ಎದುರಿನ ಮೇಜಿನಲ್ಲಿ ಕುಳಿತಿದ್ದ, ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದಿರುವ ಸಹೋದ್ಯೋಗಿಯೊಬ್ಬರು ನಗುತ್ತಾ, “ಮೇಡಂ, ಕನ್ನಡ ಪಾಠ ಮಾಡುವವರು ನೀವು, ಮನೆಯವರ ಜೊತೆ ಹೀಗಾ ಮಾತಾಡೋದು?” ಎಂದು ಕೇಳಿದರು. ಅವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ ಎಂಬುದು ನನಗೆ ಗೊತ್ತು. ಆದರೆ ಅದೇ ವಾರ, ಅದೇ ಕೊಠಡಿಯಲ್ಲಿ, ಅಂಕೋಲಾ ತಾಲ್ಲೂಕಿನ ಹಳ್ಳಿಯೊಂದರಿಂದ ಬರುವ ಇನ್ನೊಬ್ಬ ಉಪನ್ಯಾಸಕರು ತಮ್ಮ ಊರಿನ ಮಾತಿನಲ್ಲಿಯೇ ಯಾವುದೋ ಪ್ರಸಂಗವನ್ನು ವಿವರಿಸಿದಾಗ, ಇದೇ ಸಹೋದ್ಯೋಗಿ ಕಣ್ಣರಳಿಸಿ ಕೇಳಿ, “ಸರ್, ನಿಮ್ಮ ಬಾಯಲ್ಲಿ ಆ ಕನ್ನಡ ಕೇಳೋದೇ ಚಂದ, ಮಣ್ಣಿನ ವಾಸನೆ ಇದೆ” ಎಂದು ಹೇಳಿದ್ದರು. ಆ ಎರಡು ಮಾತುಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು ನೋಡಿದ ದಿನದಿಂದ ಇದನ್ನು ಬರೆಯಬೇಕೆಂದು ಅಂದುಕೊಳ್ಳುತ್ತಲೇ ಇದ್ದೆ.

ದಿನನಿತ್ಯ ಕಿರಿಕಿರಿ ಹುಟ್ಟಿಸುವ ಸಂಗತಿಗಳಿಗೆ ಕೊರತೆಯಿಲ್ಲ. ದೇವಿಮನೆ ಘಟ್ಟ ಇಳಿಯುವ ಬಸ್ಸಿನ ಕಿಟಕಿಯಿಂದ ಹಿಂದಿನ ಸೀಟಿನವರ ಪರಿವೆಯೇ ಇಲ್ಲದೆ ಕವಳ ಉಗುಳುವವರು, ಸರತಿಯಲ್ಲಿ ನಿಂತವರನ್ನು ದಾಟಿ ಕಿಂಡಿಯೊಳಗೆ ಕೈ ತೂರಿಸುವವರು, ಊಟದ ಪಂಕ್ತಿಯಲ್ಲಿ ಮೊಬೈಲಿನ ದನಿಯನ್ನು ಪೂರ್ತಿ ಏರಿಸಿ ವಿಡಿಯೋ ನೋಡುವವರು, ಇವರೆಲ್ಲ ನನ್ನ ಸಹನೆಯನ್ನು ಪರೀಕ್ಷಿಸುತ್ತಾರೆ. ಆದರೆ ಆ ಕಿರಿಕಿರಿ ಅಲ್ಲಿಗೇ ಮುಗಿಯುತ್ತದೆ, ಮನೆಗೆ ಬಂದ ಮೇಲೆ ನೆನಪಿರುವುದಿಲ್ಲ. ಒಬ್ಬರ ಮಾತಿನ ಧಾಟಿಯನ್ನು ಹಿಡಿದು ಅವರ ಯೋಗ್ಯತೆಯನ್ನು ಅಳೆಯುವುದು, ಅದರಲ್ಲಿಯೂ ಗಂಡಸಿಗೆ ಒಂದು ಅಳತೆ, ಹೆಂಗಸಿಗೆ ಇನ್ನೊಂದು ಅಳತೆ ಇಟ್ಟುಕೊಳ್ಳುವುದು ಮಾತ್ರ ನನ್ನನ್ನು ರಾತ್ರಿಯವರೆಗೂ ಬಿಡುವುದಿಲ್ಲ.

ಮೊದಲು ಊರಿನ ವಿಷಯವನ್ನೇ ಹೇಳುತ್ತೇನೆ. ತರಬೇತಿಗೆಂದು ಬೆಂಗಳೂರಿಗೆ ಹೋದಾಗಲೆಲ್ಲ ನಾನು ಬಾಯಿ ತೆರೆದ ಎರಡನೆಯ ನಿಮಿಷಕ್ಕೆ, “ನೀವು ಮಂಗಳೂರಿನವರಾ?” ಎಂಬ ಪ್ರಶ್ನೆ ಬರುತ್ತದೆ. ಕಾರವಾರದಿಂದ ಮಂಗಳೂರು 250 ಕಿ.ಮೀ.ಗಿಂತ ದೂರದಲ್ಲಿದೆ, ಗೋವೆಯ ಪಣಜಿ ಅದರ ಅರ್ಧಕ್ಕಿಂತ ಹತ್ತಿರದಲ್ಲಿದೆ. ಅಲ್ಲ, ಉತ್ತರ ಕನ್ನಡ ಎಂದು ತಿದ್ದಿದರೆ, “ಓ, ಉತ್ತರ ಕರ್ನಾಟಕವಾ? ಹಾಗಾದರೆ ಮನೆಯಲ್ಲಿ ಜೋಳದ ರೊಟ್ಟಿಯಾ?” ಎನ್ನುತ್ತಾರೆ. ಜೋಳದ ರೊಟ್ಟಿಯ ಮೇಲೆ ನನಗೆ ಪ್ರೀತಿಯೇ ಇದೆ, ಆದರೆ ನಮ್ಮದು ಅಕ್ಕಿ, ತೆಂಗು, ಅಡಿಕೆಯ ನಾಡು. ಈ ಗೊಂದಲಕ್ಕೆ ಚರಿತ್ರೆಯಲ್ಲಿ ಒಂದು ಕಾರಣವಿದೆ ಎಂಬುದನ್ನು ಒಪ್ಪುತ್ತೇನೆ. 1862ರಲ್ಲಿ ಕೆನರಾದ ಉತ್ತರ ಭಾಗವನ್ನು, ಅಂದರೆ ನಮ್ಮ ಜಿಲ್ಲೆಯನ್ನು, ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು, ದಕ್ಷಿಣ ಭಾಗ ಮದ್ರಾಸಿನಲ್ಲಿಯೇ ಉಳಿಯಿತು. 1956ರ ನವೆಂಬರ್ 1ರಂದು ಎರಡೂ ಒಂದೇ ರಾಜ್ಯಕ್ಕೆ ಬಂದವು, ಆದರೆ ಅಷ್ಟರಲ್ಲಿ ನಮ್ಮ ಕಚೇರಿ, ಕೋರ್ಟು, ಓದು ಎಲ್ಲವೂ ಧಾರವಾಡ–ಬೆಳಗಾವಿಗಳ ಕಡೆಗೆ ತಿರುಗಿಯಾಗಿತ್ತು. ಇಂದಿಗೂ ನಮ್ಮ ಜಿಲ್ಲೆ ಬೆಳಗಾವಿ ಕಂದಾಯ ವಿಭಾಗದಲ್ಲಿದೆ, ನಮ್ಮ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ಹೀಗೆ ಕಡಲಿನಿಂದ ಕರಾವಳಿಯವರಾಗಿ, ಕಡತದಲ್ಲಿ ಬಯಲುಸೀಮೆಯ ಜೊತೆಯವರಾಗಿ ಉಳಿದ ನಮ್ಮ ಮಾತನ್ನು ಗುರುತಿಸುವ ವ್ಯವಧಾನ ಹೊರಗಿನವರಿಗೆ ಇಲ್ಲ.

ಜಿಲ್ಲೆಯ ಒಳಗಾದರೂ ಒಂದೇ ಮಾತಿದೆಯೇ ಎಂದರೆ ಅದೂ ಇಲ್ಲ. ಘಟ್ಟದ ಮೇಲಿನ ಹವ್ಯಕರ ಮಾತು ಘಟ್ಟದ ಕೆಳಗಿನ ಹವ್ಯಕರ ಮಾತಿಗೆ ಪೂರ್ತಿ ಹೊಂದುವುದಿಲ್ಲ. ಹಾಲಕ್ಕಿ ಒಕ್ಕಲಿಗರದು ಒಂದು ಬಗೆ, ನಾಡವರದು ಇನ್ನೊಂದು ಬಗೆ, ನಾಮಧಾರಿಗಳದು ಮತ್ತೊಂದು ಬಗೆ. ಕಾರವಾರದ ಕೊಂಕಣಿ, ಭಟ್ಕಳದ ನವಾಯತಿ, ಹಳಿಯಾಳ–ಜೊಯಿಡಾ ಕಡೆಯ ಮರಾಠಿ, ಯಲ್ಲಾಪುರದ ಕಾಡಂಚಿನ ಸಿದ್ದಿಗಳ ಮಾತು, ಎಲ್ಲವೂ ಒಂದೇ ಬಸ್ಸಿನಲ್ಲಿ ಕಿವಿಗೆ ಬೀಳುತ್ತವೆ. ಇಷ್ಟೆಲ್ಲ ಇರುವ ಕಡೆ ಹುಟ್ಟಿ ಬೆಳೆದವರು ಇನ್ನೊಬ್ಬರ ಧಾಟಿಯನ್ನು ಆಡಿಕೊಳ್ಳಬಾರದು. ಆದರೂ ಆಡಿಕೊಳ್ಳುತ್ತೇವೆ. ಶಿರಸಿಯವರು ಕುಮಟಾದ ಎಳೆತವನ್ನು ಅನುಕರಿಸಿ ನಗುತ್ತಾರೆ, ಕುಮಟಾದವರು ಶಿರಸಿಯ “ಅಡ್ಡಿಲ್ಲೆ”ಯನ್ನು ಹೇಳಿ ನಗುತ್ತಾರೆ.

ನನ್ನ ತಾಯಿಯ ಮಾತಿನ “ಆನು” ಎಂಬ ಒಂದು ಪದವನ್ನೇ ತೆಗೆದುಕೊಳ್ಳೋಣ. ‘ನಾನು’ ಎಂಬ ಅರ್ಥದ ಈ ಪದ ಹಳಗನ್ನಡದ ‘ಆನ್’. 12ನೆಯ ಶತಮಾನದ ವಚನಕಾರರೂ ‘ಆನು’ ಎಂದು ಬರೆದವರೇ. ತರಗತಿಯಲ್ಲಿ ಹಳೆಯ ಪದ್ಯ ಬಂದಾಗ ಈ ಪದದ ಕೆಳಗೆ ಗೆರೆ ಎಳೆಸಿ, ಅರ್ಥ ಬರೆಸಿ, ಪರೀಕ್ಷೆಯಲ್ಲಿ ಅದಕ್ಕೆ ಒಂದು ಅಂಕವನ್ನೂ ಕೊಡುತ್ತೇವೆ. ಕನ್ನಡದಲ್ಲಿ ಆಳಿದ ಕದಂಬರ ರಾಜಧಾನಿ ಬನವಾಸಿ ನಮ್ಮ ಶಿರಸಿ ತಾಲ್ಲೂಕಿನಲ್ಲಿದೆ ಎಂದು ಪ್ರತಿ ನವೆಂಬರಿನಲ್ಲಿ ಭಾಷಣ ಮಾಡುತ್ತೇವೆ. ಆ ಬನವಾಸಿಯ ಆಚೀಚಿನ ಅಡುಗೆಮನೆಗಳಲ್ಲಿ, ಮೆಟ್ಟುಗತ್ತಿಯ ಮುಂದೆ ಕುಳಿತ ಹೆಂಗಸರ ಬಾಯಲ್ಲಿ ಆ ಪದ ಇಂದಿಗೂ ಜೀವಂತವಾಗಿದೆ. ಪುಸ್ತಕದಲ್ಲಿದ್ದರೆ ಅದು ಅಭಿಜಾತ, ನನ್ನ ಫೋನಿನಲ್ಲಿದ್ದರೆ ನಗೆಪಾಟಲು ಎಂಬ ತರ್ಕವನ್ನು ನಾನು ಒಪ್ಪಲಾರೆ.

ಹವಿಗನ್ನಡದ, ಅಂದರೆ ನಮ್ಮ ಹವ್ಯಕರ ಕನ್ನಡದ ಬಗ್ಗೆ ಇನ್ನೊಂದು ಮಾತನ್ನು ನಾನು ಕೇಳಿ ಕೇಳಿ ಬೇಸತ್ತಿದ್ದೇನೆ. ನಮ್ಮ ಮಾತಿನಲ್ಲಿ ಹೆಂಗಸರಿಗೆ ನಪುಂಸಕಲಿಂಗದ ಕ್ರಿಯಾಪದ ಬರುತ್ತದೆ. ಅಪ್ಪಯ್ಯ “ಬಂದ”, ಆಯಿ “ಬಂತು”. ಮಾಣಿ (ಹುಡುಗ) “ಹೇಳಿದ”, ಕೂಸು (ಹುಡುಗಿ) “ಹೇಳ್ತು”. ಇದನ್ನು ತಿಳಿದ ಹೊರಗಿನವರು ಕೂಡಲೇ, “ಅಂದರೆ ನಿಮ್ಮಲ್ಲಿ ಹೆಂಗಸರನ್ನು ದನಕರುಗಳಂತೆ ಕಾಣುತ್ತಾರೆ” ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಚಿಕ್ಕವಳಿದ್ದಾಗ ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ನಾಚಿಕೆಯಿಂದ ತಲೆ ತಗ್ಗಿಸುತ್ತಿದ್ದೆ. ಈಗ ಉತ್ತರವಿದೆ. ತೆಲುಗಿನಲ್ಲಿಯೂ “ಆಮೆ ವಚ್ಚಿಂದಿ” ಎಂದೇ ಹೇಳುತ್ತಾರೆ, ನಾಯಿ ಬಂದರೂ ಅದೇ “ವಚ್ಚಿಂದಿ”. ಕಾರವಾರದ ಕೊಂಕಣಿಯಲ್ಲಿ ಹುಡುಗಿಯರನ್ನು ‘ತೆಂ’ ಎಂಬ ನಪುಂಸಕ ಸರ್ವನಾಮದಿಂದ ಕರೆಯುತ್ತಾರೆ. ಒಂದು ಭಾಷೆ ಲಿಂಗವನ್ನು ಹೇಗೆ ವಿಂಗಡಿಸಿಕೊಂಡಿದೆ ಎಂಬುದರಿಂದ ಅದನ್ನು ಆಡುವವರ ಮನಸ್ಸನ್ನು ಅಳೆಯಲಾಗದು. ಆ ವ್ಯಾಕರಣವೆಲ್ಲ ಗಂಡಸರ ಕಣ್ಣಿನಿಂದಲೇ ಹುಟ್ಟಿರಬಹುದು ಎಂಬ ಅನುಮಾನ ನನಗೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ನನ್ನ ತಂದೆ ಜಗಲಿಯಲ್ಲಿ ಕುಳಿತು “ಕೂಸು ಪರೀಕ್ಷೆಲಿ ಪಾಸಾತು” ಎಂದು ಬಂದವರಿಗೆಲ್ಲ ಹೇಳಿಕೊಂಡಾಗ ಆ ನಪುಂಸಕಲಿಂಗದಲ್ಲಿ ಇದ್ದ ಹೆಮ್ಮೆಯನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಹಾಗೆ ನಮ್ಮನ್ನು ಹೀಯಾಳಿಸುವವರ ಶಿಷ್ಟ ಕನ್ನಡವನ್ನು ಒಮ್ಮೆ ಗಮನವಿಟ್ಟು ಕೇಳಬೇಕು. ಡಾಕ್ಟರು ಗಂಡಸಾದರೆ “ಡಾಕ್ಟರು ಬಂದರು”, ಹೆಂಗಸಾದರೆ “ಆ ಲೇಡಿ ಡಾಕ್ಟರ್ ಬಂದಳು”. ಮ್ಯಾನೇಜರು ಗಂಡಸಾದರೆ “ಹೇಳಿದರು”, ಹೆಂಗಸಾದರೆ ಅವರು ಬಾಗಿಲು ದಾಟಿ ಹೋದ ಕೂಡಲೇ “ಹೇಳಿದಳು”. ‘ರು’ ಎಂಬ ಒಂದು ಅಕ್ಷರದ ಗೌರವವನ್ನು ಹೆಂಗಸಿಗೆ ಅವಳ ಎದುರಿನಲ್ಲಿ ಮಾತ್ರ ಕೊಟ್ಟು, ಬೆನ್ನು ತಿರುಗಿಸಿದ ಕೂಡಲೇ ಹಿಂದಕ್ಕೆ ಪಡೆಯುವ ಈ ಅಭ್ಯಾಸ ವ್ಯಾಕರಣದ ಹಂಗಿನಿಂದ ಬಂದದ್ದಲ್ಲ, ಆಡುವವರು ಪ್ರತಿ ಸಲ ಆಯ್ದುಕೊಂಡು ಆಡುವಂಥದ್ದು. ನಾನು ಕಲಿತ ಹಳ್ಳಿಯ ಶಾಲೆಯಲ್ಲಿ ಮಾಸ್ತರು ಇದ್ದರು, ಅಕ್ಕೋರು ಎಂದು ಕರೆಯುತ್ತಿದ್ದ ಶಿಕ್ಷಕಿಯರೂ ಇದ್ದರು. ಇಬ್ಬರ ಹೆಸರಿಗೂ ಬಹುವಚನ ಅಂಟಿಕೊಂಡೇ ಇತ್ತು, ಎದುರಿನಲ್ಲಿಯೂ ಬೆನ್ನ ಹಿಂದೆಯೂ ಅದು ಬದಲಾಗುತ್ತಿರಲಿಲ್ಲ. ಅಕ್ಷರ ಕಲಿಯದ ನನ್ನ ಅಮ್ಮಮ್ಮನಿಗೆ ಬರುತ್ತಿದ್ದ ಈ ಮರ್ಯಾದೆ, ಪದವಿ ಪಡೆದ ಇಂದಿನವರ “ಟೀಚರ್ ಹೇಳಿದಳು” ಎಂಬ ಮಾತಿನಲ್ಲಿ ಕಾಣುವುದಿಲ್ಲ.

ಬೈಗುಳಗಳ ಕಡೆಗೆ ಬಂದರೆ ಭೇದ ಇನ್ನೂ ನಿಚ್ಚಳವಾಗುತ್ತದೆ. ಗಟ್ಟಿಯಾಗಿ ಮಾತನಾಡುವ ಗಂಡಸು ‘ಖಡಕ್ ಮನುಷ್ಯ’. ಅಷ್ಟೇ ಗಟ್ಟಿಯಾಗಿ ಮಾತನಾಡುವ ಹೆಂಗಸಿಗೆ ಗಯ್ಯಾಳಿ, ಬಜಾರಿ, ಗಂಡುಬೀರಿ ಎಂದು ಸಾಲು ಸಾಲು ಪದಗಳಿವೆ, ಅವುಗಳಿಗೆ ಪುಲ್ಲಿಂಗ ರೂಪವೇ ಇಲ್ಲ. ವಿದ್ಯಾರ್ಥಿಗಳಿಗೆ ಲಿಂಗ ಬದಲಿಸಿ ಬರೆಯುವ ಅಭ್ಯಾಸ ಕೊಡುವಾಗ ಒಮ್ಮೆ ನನಗೇ ಇದು ಹೊಳೆಯಿತು. ‘ಬಜಾರಿ’ ಬಂದದ್ದು ‘ಬಜಾರ್’ ಎಂಬ ಪದದಿಂದ. ಪೇಟೆಗೆ ಹೋಗಿ ವ್ಯವಹಾರ ಮಾಡುವ ಗಂಡಸು ವ್ಯಾಪಾರಿಯಾದ, ಸಾಹುಕಾರನಾದ. ಅದೇ ಪೇಟೆಗೆ ಹೋದ ಹೆಂಗಸಿನ ಹೆಸರು ಬೈಗುಳವಾಯಿತು.

ಕರಾವಳಿಯಲ್ಲಿ ಈ ಬೈಗುಳದ ಜೊತೆಗೆ ಇನ್ನೊಂದಿದೆ. ತರಗತಿಯಲ್ಲಿ ಮಕ್ಕಳು ಗಲಾಟೆ ಮಾಡಿದರೆ, “ಇದೇನು ಮೀನು ಪೇಟೆಯಾ?” ಎಂದು ಗದರುವುದು. ನಾನೂ ಹೊಸದರಲ್ಲಿ ಹಾಗೆ ಗದರಿದ್ದೆ. ಮೊದಲ ಬೆಂಚಿನಲ್ಲಿ ಕುಳಿತಿದ್ದ ಒಬ್ಬ ಹುಡುಗಿ ತಲೆ ತಗ್ಗಿಸಿದ್ದನ್ನು ಕಂಡು, ಅವಳ ತಾಯಿ ನಮ್ಮ ಊರಿನ ಪೇಟೆಯಲ್ಲಿಯೇ ಬುಟ್ಟಿ ಇಟ್ಟು ಕೂರುವವರು ಎಂದು ಆಮೇಲೆ ತಿಳಿದು, ಅಂದಿನಿಂದ ಆ ಮಾತನ್ನು ಬಾಯಿಗೆ ತಂದಿಲ್ಲ. ಬೆಳಗಿನ ಜಾವ ಬಂದರಿನಲ್ಲಿ ಮೀನು ಹರಾಜು ಕೂಗುವ ಗಂಡಸರ ದನಿ ಕಡಿಮೆಯದೇನಲ್ಲ, ಆದರೆ ಆ ಗದ್ದಲ ಯಾರಿಗೂ ಬೈಗುಳದ ಸರಕಾಗಿಲ್ಲ. ದೋಣಿಯಿಂದ ಇಳಿದ ಮೀನನ್ನು ಮಾರಾಟವಾಗಿಸಿ ಮನೆಗೆ ದುಡ್ಡು ತರುವ ಹೆಂಗಸಿಗೆ ಗಟ್ಟಿ ದನಿ ಬೇಕೇ ಬೇಕು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ಮಳೆಗಾಲದಲ್ಲಿ ಒಣಮೀನಿನ ಬುಟ್ಟಿ ಹೊತ್ತು ಮನೆಯಿಂದ ಮನೆಗೆ ಕೂಗುತ್ತಾ ಹೋಗುವ ದನಿಯೇ ಎಷ್ಟೋ ಮನೆಗಳ ಒಲೆಯನ್ನು ಉರಿಸುತ್ತದೆ. ಸಾವಿರಾರು ರೂಪಾಯಿಯ ಸಾಮಾನು ಕೊಳ್ಳುವ ಅಂಗಡಿಯಲ್ಲಿ “ಕೊಡ್ರಿ, ತಗೊಳ್ರಿ” ಎನ್ನುವ ಜನ ಈ ಹೆಂಗಸರ ಮುಂದೆ ನಿಂತ ಕೂಡಲೇ “ಏನೇ, ಎಷ್ಟೇ” ಎಂದು ಏಕವಚನಕ್ಕೆ ಇಳಿಯುವುದನ್ನು ಕಂಡಾಗ ನನಗೆ ಸಿಟ್ಟು ತಡೆಯಲಾಗುವುದಿಲ್ಲ. ಹರೆಯದ ಹುಡುಗರೂ ತಾಯಿಯ ವಯಸ್ಸಿನವರನ್ನು ಹಾಗೆ ಕರೆಯುತ್ತಾರೆ.

ತರಕಾರಿ, ಸೊಪ್ಪು ತರುವ ಹಾಲಕ್ಕಿ ಹೆಂಗಸರ ಕಥೆಯೂ ಇದೇ. ಅಂಕೋಲಾ ತಾಲ್ಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರು ಶಾಲೆಯ ಮೆಟ್ಟಿಲು ಹತ್ತದೆ ತಮ್ಮ ಜನರ ಹಾಡುಗಳನ್ನು ನೆನಪಿನಲ್ಲಿ ಹೊತ್ತು ಉಳಿಸಿದವರು, ಸಾರಾಯಿಯ ವಿರುದ್ಧ ಹೆಂಗಸರನ್ನು ಒಗ್ಗೂಡಿಸಿದವರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು 2021ರಲ್ಲಿ ರಾಷ್ಟ್ರಪತಿ ಭವನಕ್ಕೆ ಬರಿಗಾಲಿನಲ್ಲಿ ನಡೆದು ಹೋಗಿ ಪದ್ಮಶ್ರೀ ಪಡೆದರು. ಇಬ್ಬರೂ ಈಗಿಲ್ಲ. ಅವರು ಮಾತನಾಡಿದ್ದು ಹಾಲಕ್ಕಿಗಳ ಕನ್ನಡವನ್ನು, ರಾಜ್ಯದ ದೊಡ್ಡ ವೇದಿಕೆಗಳ ಮೇಲೆಯೂ ಅದನ್ನೇ. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು. ಆದರೆ ಕೊರಳ ತುಂಬ ಮಣಿಸರ ಹಾಕಿಕೊಂಡ ಅದೇ ಬಗೆಯ ಇನ್ನೊಬ್ಬ ಹೆಂಗಸು ಯಾವುದಾದರೂ ಕಚೇರಿಯ ಕಿಂಡಿಯಲ್ಲಿ ನಿಂತು ತನ್ನ ಮಾತಿನಲ್ಲಿ ಪಹಣಿಯ ಬಗ್ಗೆ ಕೇಳಿದರೆ, “ಮನೆಯಲ್ಲಿ ಗಂಡಸರು ಯಾರೂ ಇಲ್ವಾ? ಅವರನ್ನು ಕಳಿಸು” ಎಂಬ ಉತ್ತರ ಬರುವುದನ್ನು ನಾನು ಪಕ್ಕದಲ್ಲಿ ನಿಂತು ಕೇಳಿದ್ದೇನೆ. ಅವಳು ಕೇಳಿದ್ದು ಸರಳವಾದ ಪ್ರಶ್ನೆ, ಅರ್ಥವಾಗದ ಪದ ಅದರಲ್ಲಿ ಒಂದೂ ಇರಲಿಲ್ಲ.

ಯಕ್ಷಗಾನದ ಬಗ್ಗೆ ಬರೆಯಲು ಕೈ ಸ್ವಲ್ಪ ಹಿಂಜರಿಯುತ್ತದೆ, ಏಕೆಂದರೆ ನನ್ನ ಕನ್ನಡದ ಬಹುಪಾಲು ನಾನು ಕಲಿತದ್ದು ಗದ್ದೆಯಲ್ಲಿ ಕಂಬಳಿ ಹಾಸಿಕೊಂಡು ಬೆಳಗಾಗುವವರೆಗೆ ನೋಡಿದ ಬಡಗುತಿಟ್ಟಿನ ಆಟಗಳಿಂದ. ಒಂದೂ ಪರಭಾಷೆಯ ಪದ ಬೆರೆಸದೆ ಗಂಟೆಗಟ್ಟಲೆ ಅರ್ಥ ಹೇಳುವ ಆ ಕಲಾವಿದರ ಮುಂದೆ ಯಾವ ಪ್ರಾಧ್ಯಾಪಕರೂ ನಿಲ್ಲಲಾರರು. ಆದರೂ ಬೆಳೆದ ಮೇಲೆ ಒಂದು ಸಂಗತಿ ಚುಚ್ಚತೊಡಗಿತು. ರಂಗದ ಮೇಲೆ ರಾಜ, ಮಂತ್ರಿ, ರಾಣಿಯರು ಗ್ರಾಂಥಿಕ ಭಾಷೆಯಲ್ಲಿ ಮಾತನಾಡುತ್ತಾರೆ, ನಮ್ಮ ಊರಿನ ಆಡುಮಾತು ಬರುವುದು ಹಾಸ್ಯಗಾರನ ಬಾಯಲ್ಲಿ. ಅದನ್ನು ಕೇಳಿದ ಕೂಡಲೇ ಸಭೆ ನಗುತ್ತದೆ, ಎಷ್ಟೋ ಸಲ ಮಾತಿನ ಅರ್ಥಕ್ಕಿಂತ ಮೊದಲೇ ನಗುತ್ತದೆ. ನಮ್ಮ ಮಾತು ನಗಿಸುವುದಕ್ಕೆ ಇರುವಂಥದ್ದು ಎಂದು ನಮಗೆ ನಾವೇ ಕಲಿಸಿಕೊಂಡಿದ್ದೇವೆಯೇನೋ ಎಂದು ನನಗೆ ಅನ್ನಿಸುತ್ತದೆ. ಇನ್ನು ‘ಗಂಡುಕಲೆ’ ಎಂಬ ವಿಶೇಷಣವನ್ನು ಪ್ರತಿಯೊಬ್ಬ ಅತಿಥಿಯೂ ಭಾಷಣದಲ್ಲಿ ತಪ್ಪದೆ ಬಳಸುತ್ತಾರೆ. ಗಂಡಸು ಸ್ತ್ರೀವೇಷ ಹಾಕಿ ದನಿಯನ್ನು ಬಾಗಿಸಿ ಮಾತನಾಡಿದರೆ ಅದು ಸಿದ್ಧಿ, ಅದನ್ನು ನಾನೂ ಮೆಚ್ಚುತ್ತೇನೆ. ಹೆಣ್ಣುಮಕ್ಕಳ ತಂಡಗಳು ಇಂದು ನಮ್ಮ ಜಿಲ್ಲೆಯಲ್ಲಿಯೇ ಇವೆ. ಅವರಲ್ಲಿ ಒಬ್ಬಳು ಭೀಮನ ವೇಷ ಕಟ್ಟಿ ಅಬ್ಬರಿಸಿದರೆ, “ಎಷ್ಟಾದರೂ ಹೆಣ್ಣಿನ ದನಿ, ಒಗ್ಗೋದಿಲ್ಲ” ಎನ್ನುತ್ತಾರೆ. ಗಂಡಸಿನ ದನಿ ದ್ರೌಪದಿಗೆ ಒಗ್ಗಿದ್ದು ಹೇಗೆಂದು ಅವರು ಒಮ್ಮೆಯೂ ಯೋಚಿಸಿದ್ದು ಕಾಣೆ.

ಎರಡು ವರ್ಷಗಳ ಹಿಂದೆ ಅಂತರಕಾಲೇಜು ಚರ್ಚಾಸ್ಪರ್ಧೆಗೆ ನಮ್ಮಿಂದ ಇಬ್ಬರನ್ನು ಸಿದ್ಧಪಡಿಸಿದ್ದೆ. ಒಬ್ಬ ಹುಡುಗ, ಒಬ್ಬಳು ಹುಡುಗಿ, ಇಬ್ಬರ ಮನೆಮಾತೂ ಕೊಂಕಣಿ, ಇಬ್ಬರೂ ಕಾಳಿ ನದಿಯ ದಂಡೆಯ ಹಳ್ಳಿಗಳಿಂದ ಬರುವವರು. ಕೊಂಕಣಿಯಲ್ಲಿ ಮೂಗಿನಿಂದ ಹೊರಡುವ ಸ್ವರಗಳಿವೆ, ಹಾಗಾಗಿ ಅವರ ಕನ್ನಡದ ವಾಕ್ಯಗಳ ತುದಿಯಲ್ಲಿ ಒಂದು ಸಣ್ಣ ಗುಂಯ್‌ಗುಡುವಿಕೆ ಉಳಿದುಬಿಡುತ್ತದೆ. ಇಬ್ಬರಲ್ಲಿಯೂ ಅದು ಒಂದೇ ಪ್ರಮಾಣದಲ್ಲಿತ್ತು. ವಿಷಯ ಮಂಡನೆಯಲ್ಲಿ ಹುಡುಗಿಯದೇ ಮೇಲುಗೈ ಎಂಬುದು ಅವಳ ಗುರುವಾಗಿ ಅಲ್ಲ, ಇಬ್ಬರ ಗುರುವಾಗಿ ನಾನು ಹೇಳಬಲ್ಲ ಮಾತು. ತೀರ್ಪುಗಾರರೊಬ್ಬರು ಹುಡುಗನ ಬಗ್ಗೆ, “ಮನೆಮಾತು ಬೇರೆಯಾದರೂ ಎಂಥ ಆತ್ಮವಿಶ್ವಾಸದಿಂದ ಕನ್ನಡ ಮಾತಾಡಿದ” ಎಂದರು. ಹುಡುಗಿಗೆ, “ಉಚ್ಚಾರ ಶುದ್ಧವಾಗಬೇಕಮ್ಮಾ, ದನಿಯೂ ಸ್ವಲ್ಪ ಮೃದುವಾಗಲಿ” ಎಂದು ಸಲಹೆ ಕೊಟ್ಟರು. ಹಿಂದಿರುಗುವ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕುಳಿತು ಅಂಕೋಲಾ ದಾಟುವವರೆಗೂ ಮಾತನಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: “ಮೇಡಂ, ಅವನದೂ ನನ್ನದೂ ಒಂದೇ ಥರದ ಕನ್ನಡ ಅಲ್ವಾ?” ಹೌದು ಎಂದೆ. ಮುಂದಿನ ವರ್ಷ ಅವಳು ಹೆಸರು ಕೊಡಲಿಲ್ಲ.

ಅದೇ ಬಸ್ಸುಗಳಲ್ಲಿ 2023ರ ಜೂನ್ 11ರಿಂದ ಮಹಿಳೆಯರಿಗೆ ಉಚಿತ ಪ್ರಯಾಣ ಶುರುವಾದ ಮೇಲೆ ಹೊಸದೊಂದು ಗೊಣಗು ಸೇರಿಕೊಂಡಿದೆ. ಇಬ್ಬರು ಹೆಂಗಸರು ನಗುತ್ತಾ ಮಾತನಾಡಿದರೆ ಸಾಕು, ಹಿಂದಿನಿಂದ “ಫ್ರೀ ಟಿಕೆಟ್ಟಿನ ಗಲಾಟೆ” ಎಂಬ ಮಾತು ತೂರಿ ಬರುತ್ತದೆ. ಅದೇ ಬಸ್ಸಿನಲ್ಲಿ ಶಿರಸಿಯಿಂದ ಕುಮಟಾದವರೆಗೆ ಅಡಿಕೆ ದರದ ಬಗ್ಗೆ ಎತ್ತರದ ದನಿಯಲ್ಲಿ ವಾದಿಸುವ ಗಂಡಸರಿಗೆ ಯಾರೂ ಏನೂ ಹೇಳುವುದಿಲ್ಲ.

ನನ್ನ ತವರಿನ ಕಡೆಯ ಒಂದು ಸಂಗತಿಯನ್ನು ಹೇಳದೆ ಈ ಮಾತು ಪೂರ್ತಿಯಾಗದು. ಅಡಿಕೆ ತೋಟದ ಮನೆಗಳಲ್ಲಿ ಮದುವೆಯಾಗದೆ ಉಳಿದ ಮಾಣಿಗಳಿದ್ದಾರೆ, ಅವರ ನೋವು ನಿಜವಾದದ್ದು. ಆದರೆ ಯಾವ ಮದುವೆಮನೆಗೆ ಹೋದರೂ ಊಟದ ಪಂಕ್ತಿಯಲ್ಲಿ ಅದರ ಹೊಣೆಯನ್ನು ಕೂಸುಗಳ ತಲೆಗೇ ಕಟ್ಟುತ್ತಾರೆ. “ಈಗಿನ ಕೂಸುಗಳಿಗೆ ಬೆಂಗಳೂರೇ ಬೇಕು, ಸೊಕ್ಕು ಬಂತು” ಎನ್ನುವವರ ಮನೆಯ ಮಗನೂ ಬೆಂಗಳೂರಿನಲ್ಲಿಯೇ ಇರುತ್ತಾನೆ, ಅವನು ‘ಮುಂದೆ ಬಂದ’ ಮಾಣಿ. ಅವನು ದೀಪಾವಳಿಗೆ ಬಂದಾಗ ಬೆಂಗಳೂರಿನ ಕನ್ನಡ ಆಡಿದರೆ ಮನೆಯವರಿಗೆ ಹೆಮ್ಮೆ, ಅವನ ತಂಗಿ ಅದೇ ಕನ್ನಡ ಆಡಿದರೆ “ಕೂಸಿನ ಮಾತೇ ಬದಲಾತು, ದೊಡ್ಡಸ್ತಿಕೆ”. ಅವಳು ಊರಿನ ಮಾತನ್ನೇ ಉಳಿಸಿಕೊಂಡು ನಗರದ ಸಂಬಂಧಿಕರ ಮುಂದೆ ಆಡಿದರೆ, “ಇನ್ನೂ ಹಳ್ಳಿಯವಳ ಹಾಗೇ ಇದೆ” ಎಂಬ ಮರುಕ. ಯಾವ ಮಾತನ್ನು ಆಡಿದರೆ ಅವಳದು ಸರಿಯಾದೀತು ಎಂದು ನಾನು ಹಿರಿಯರೊಬ್ಬರನ್ನು ನೇರವಾಗಿ ಕೇಳಿದೆ. ಅವರು ಪಾಯಸದ ಬಾಳೆಲೆಯಿಂದ ಮುಖ ಎತ್ತಲಿಲ್ಲ.

ತೋಟದಲ್ಲಿ ಉಳಿಯಬೇಕೆಂದು ಹೆಣ್ಣುಮಕ್ಕಳಿಗೆ ಹೇಳುವವರು ಆ ತೋಟದ ಪಹಣಿಯಲ್ಲಿ ಎಷ್ಟು ಹೆಣ್ಣುಮಕ್ಕಳ ಹೆಸರಿದೆ ಎಂಬುದನ್ನೂ ನೋಡಬೇಕು. ಸುಗ್ಗಿಯ ಕಾಲದಲ್ಲಿ ನಡುರಾತ್ರಿಯವರೆಗೆ ಅಡಿಕೆ ಸುಲಿಯುವ ಕೈಗಳಲ್ಲಿ ಅರ್ಧಕ್ಕೂ ಹೆಚ್ಚು ಹೆಂಗಸರವು, ಮಾರಾಟದ ದುಡ್ಡು ಜಮೆಯಾಗುವ ಖಾತೆ ಬಹುತೇಕ ಗಂಡಸರದು. ಹುಟ್ಟಿದ ಮನೆಯ ಪಿತ್ರಾರ್ಜಿತ ಆಸ್ತಿಯಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಕರ್ನಾಟಕದ ಕಾನೂನು 1994ರಲ್ಲಿಯೇ ಪಾಲು ಕೊಟ್ಟಿತು, 2005ರ ತಿದ್ದುಪಡಿ ದೇಶದಾದ್ಯಂತ ಹಿಂದೂ ಅವಿಭಕ್ತ ಕುಟುಂಬದ ಮಗಳನ್ನು ಮಗನಿಗೆ ಸಮನಾಗಿ ನಿಲ್ಲಿಸಿತು. ಆದರೂ ಆ ಪಾಲನ್ನು ಬಾಯಿಬಿಟ್ಟು ಕೇಳಿದ ಮಗಳಿಗೆ ಊರು ಹೇಳುವುದು “ನಾಲಿಗೆ ಉದ್ದ” ಎಂದು, ಕೇಳದೆ ಸಹಿ ಹಾಕಿಕೊಟ್ಟವಳಿಗೆ “ಒಳ್ಳೆ ಕೂಸು” ಎಂದು. ಕೇಳಿದ ಮಗನ ನಾಲಿಗೆಯ ಉದ್ದವನ್ನು ಯಾರೂ ಅಳೆದವರಿಲ್ಲ.

ಇಷ್ಟನ್ನೆಲ್ಲ ಬರೆದ ಮೇಲೆ ನನ್ನ ಮನೆಯೊಳಗಿನದನ್ನೂ ಬರೆಯುವುದು ನ್ಯಾಯ. ನನಗೆ ಒಬ್ಬ ಮಗ, ಒಬ್ಬಳು ಮಗಳು. ಇಬ್ಬರೂ ಕುಮಟಾದ ಅಜ್ಜನ ಮನೆಯಲ್ಲಿ ಆಡಿ ಬೆಳೆದವರು, ಇಬ್ಬರಿಗೂ ಘಟ್ಟದ ಮೇಲಿನ ಮಾತೂ ಕೆಳಗಿನ ಮಾತೂ ಬರುತ್ತದೆ. ಮಗಳು ಹೈಸ್ಕೂಲಿನಲ್ಲಿದ್ದಾಗ ಮನೆಗೆ ಬಂದ ನೆಂಟರ ಮುಂದೆ ಊರಿನ ಮಾತಿನಲ್ಲಿ ಗಟ್ಟಿಯಾಗಿ ಏನಾದರೂ ಹೇಳಿದರೆ, ಒಳಗೆ ಕರೆದು, “ನಾಳೆ ಇನ್ನೊಂದು ಮನೆಗೆ ಹೋಗುವವಳು, ಸರಿಯಾಗಿ ಮಾತಾಡು” ಎಂದು ತಿದ್ದಿದವಳು ನಾನೇ. ಮಗನನ್ನು ಒಮ್ಮೆಯೂ ಹಾಗೆ ಒಳಗೆ ಕರೆದದ್ದಿಲ್ಲ. ಆಗ ಅದು ತಾರತಮ್ಯ ಎಂದು ನನಗೆ ಅನ್ನಿಸಿರಲಿಲ್ಲ, ಮಗಳ ಒಳಿತಿಗೆಂದೇ ಮಾಡಿದ್ದೆ. ಸಹೋದ್ಯೋಗಿಯ ಮಾತಿನಿಂದ ನೋವಾದ ದಿನ ರಾತ್ರಿ ಬೆಂಗಳೂರಿನಲ್ಲಿರುವ ಮಗಳಿಗೆ ಫೋನ್ ಮಾಡಿ ಅದನ್ನೆಲ್ಲ ಹೇಳಿದೆ, ಹಿಂದೆ ಅವಳನ್ನು ತಿದ್ದುತ್ತಿದ್ದುದು ತಪ್ಪಾಯಿತು ಎಂದೂ ಹೇಳಿದೆ.

ಅವಳು ತುಸು ಹೊತ್ತು ಸುಮ್ಮನಿದ್ದಳು. ತಾನು ಆಫೀಸಿನಲ್ಲಿ ನನ್ನ ಫೋನ್ ಬಂದಾಗಲೆಲ್ಲ ಎದ್ದು ಮೆಟ್ಟಿಲಿನ ಬಳಿ ಹೋಗಿ ಮಾತನಾಡುತ್ತಿರುವುದಾಗಿ, ಅದು ಯಾವಾಗಿನಿಂದ ರೂಢಿಯಾಯಿತೋ ತನಗೂ ಗೊತ್ತಿಲ್ಲವೆಂದು ಹೇಳಿದಳು. ಮೊನ್ನೆ ಬುಧವಾರ ಮಧ್ಯಾಹ್ನ ಅವಳೇ ಫೋನ್ ಮಾಡಿದಳು. ಹಿಂದೆ ಹತ್ತಾರು ಜನರ ಮಾತು, ಕುರ್ಚಿ ಎಳೆಯುವ ಸದ್ದು ಕೇಳುತ್ತಿತ್ತು. “ಆಯಿ, ಆನು ಸೀಟಲ್ಲೇ ಇದ್ದಿ, ಹೇಳು” ಎಂದಳು. ನಾನು ಸಿಬ್ಬಂದಿ ಕೊಠಡಿಯಲ್ಲಿದ್ದೆ. ಎದ್ದು ಹೊರಗೆ ಹೋಗದೆ, ಕುಳಿತಲ್ಲಿಂದಲೇ ಅವಳೊಡನೆ ಕಾಲುಗಂಟೆ ಮಾತನಾಡಿದೆ.